ಇಪ್ಪತ್ತಾರು ಸರ್ಟಿಫಿಕೇಟು

"ನಿಮ್ಮ ನಕ್ಷೆಯಲ್ಲಿ ನಮ್ಮ ಮನೆ ಇಲ್ಲ."

ಕಲ್ಲಾರೆ ಶಾಲೆಯ ಹಾಲ್‌ನಲ್ಲಿ ಅಲ್ಲಿಯವರೆಗೆ ಒಂದೇ ಧ್ವನಿ ಕೇಳುತ್ತಿತ್ತು. ಗೋಡೆಗೆ ಅಂಟಿಸಿದ ದೊಡ್ಡ ನಕ್ಷೆಯ ಮುಂದೆ ನಿಂತು ಕಂಪನಿಯ ಆಫೀಸರ್ ಕೀರ್ತಿಕುಮಾರ್ ಮಾತಾಡುತ್ತಿದ್ದ. ಈಗ ಇಡೀ ಊರು ಹಿಂದಿನ ಬೆಂಚಿನ ಕಡೆ ತಿರುಗಿತು.

ಎದ್ದು ನಿಂತವಳು ವಿನುತಾ. ಅದೇ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ರುದ್ರಮ್ಮನ ಒಬ್ಬಳೇ ಮಗಳು. ಕುಶಾಲನಗರದಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ ಎರಡು ವರ್ಷವಾಗಿತ್ತು. ಕೆಲಸ ಮಾತ್ರ ಸಿಕ್ಕಿರಲಿಲ್ಲ.

"ಕೆಳಗಿನ ಕೆರೆ ಅಂತ ನೀಲಿ ಬಣ್ಣ ಹಚ್ಚಿದ್ದೀರಲ್ಲ, ಅದರ ಪಕ್ಕ ಖಾಲಿ ಜಾಗ ಅಂತ ಬರೆದಿದ್ದೀರಿ. ಅಲ್ಲಿ ನಾವು ಏಳು ಮನೆಯವರು ಇದೀವಿ. ನಾವು ಖಾಲಿನಾ ಸಾರ್?"

ಯಾರೋ ನಕ್ಕರು. ಕೀರ್ತಿಕುಮಾರ್ ನಗಲಿಲ್ಲ. ನಕ್ಷೆಯನ್ನು ಹತ್ತಿರದಿಂದ ನೋಡಿದ. ಕಿವಿಯವರೆಗೆ ಕೆಂಪಾದ. ಜೇಬಿನಿಂದ ಪೆನ್ಸಿಲ್ ತೆಗೆದು ಅವಳ ಕಡೆ ಚಾಚಿದ.

"ಬನ್ನಿ. ಎಲ್ಲಿ ಅಂತ ತೋರಿಸಿ."

ಅವಳು ಏಳು ಚೌಕ ಬರೆದಳು. ಅವನು ಪ್ರತಿ ಚೌಕದ ಪಕ್ಕ ಮನೆಯ ಹೆಸರು ಕೇಳಿ ಬರೆದುಕೊಂಡ. ಮಾರನೇ ದಿನ ಸರ್ವೆಯವರನ್ನು ಕರೆದುಕೊಂಡು ತಾನೇ ಬಂದ. ವಾರದೊಳಗೆ ಆ ನೀಲಿ ಬಣ್ಣ ಅವರ ಮನೆಗಳಿಂದ ದೂರ ಸರಿಯಿತು.

ವಿನುತಾ ಅವನನ್ನು ನಂಬಿದ್ದು ಆ ವಾರ.

* * *

ಯೋಜನೆ ಏನೆಂದು ಊರಿಗೆ ಅರ್ಥವಾಗುವ ಹಾಗೆ ಹೇಳಿದವನೂ ಅವನೇ.

"ದೇಶ ಈಗ ಬಿಸಿಲಿನಿಂದ ಕರೆಂಟು ಮಾಡ್ತಿದೆ. ಆದ್ರೆ ಬಿಸಿಲು ಸಂಜೆ ಇರಲ್ಲ, ಜನಕ್ಕೆ ಕರೆಂಟು ಬೇಕಾಗೋದು ಸಂಜೆನೇ. ಹಗಲು ಉಳಿದ ಕರೆಂಟಲ್ಲಿ ಕೆಳಗಿನ ಕೆರೆ ನೀರನ್ನ ಗುಡ್ಡದ ಮೇಲಿನ ಕೆರೆಗೆ ಎತ್ತೋದು. ಸಂಜೆ ಆ ನೀರು ಬಿಟ್ಟು ಮತ್ತೆ ಕರೆಂಟು ತೆಗೆಯೋದು. ನೀರಿನ ಬ್ಯಾಟರಿ ಅಂದ್ಕೊಳ್ಳಿ. ದೆಹಲಿಯ ಪಟ್ಟಿಯಲ್ಲಿ ಕಲ್ಲಾರೆ ಹೆಸರಿದೆ."

"ನಮ್ಮ ಹುಡುಗರಿಗೆ ಏನಿದೆ?" ಎಂದು ಕೇಳಿದವರು ವಿನುತಾಳ ಚಿಕ್ಕಪ್ಪ ಶಾಂತಪ್ಪ.

"ಇಪ್ಪತ್ತಾರು ಜನಕ್ಕೆ ಆರು ತಿಂಗಳ ತರಬೇತಿ. ಮುಗಿದ ಮೇಲೆ ಇಲ್ಲೇ ಕೆಲಸ."

ಇಪ್ಪತ್ತಾರು ಕೆಲಸ... ಶನಿವಾರಸಂತೆಯ ಆಚೆ, ಬಸ್ಸು ದಿನಕ್ಕೆ ಮೂರು ಸಲ ಬರುವ ಊರಿಗೆ!

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಲು ವಿನುತಾ ಮನೆ ಮನೆಗೆ ಹೋದಳು. ಅವಳನ್ನು ಯಾರೂ ಕಳಿಸಿರಲಿಲ್ಲ. ಅವಳಿಗೇ ಅನಿಸಿತ್ತು, ತನ್ನ ಹಾಗೆ ಓದಿ ಮನೆಯಲ್ಲಿ ಕೂತವರಿಗೆ ಇದು ಬೇಕು ಎಂದು. ಶಾಂತಪ್ಪ ರಸ್ತೆಗಾಗಿ ಮೂವತ್ತು ವರ್ಷದ ಕಾಫಿ ಗಿಡಗಳನ್ನು ಕಡಿಯಲು ಒಪ್ಪಿದ್ದು ಅವಳ ಮಾತಿಗೆ. ಅವರ ಮಗ ಮಂಜೇಶ್ ಸೇನಾ ಭರ್ತಿಗೆ ಹೋಗದೆ ಉಳಿದದ್ದೂ ಅವಳ ಮಾತಿಗೆ.

"ಅಕ್ಕ, ಈ ವರ್ಷ ಬಿಟ್ರೆ ನಂಗೆ ವಯಸ್ಸು ದಾಟುತ್ತೆ," ಎಂದಿದ್ದ ಅವನು.

"ತರಬೇತಿ ಮಧ್ಯ ರಜೆ ಕೊಡಲ್ಲ ಮಂಜು. ಇಲ್ಲೇ ಕೆಲಸ ಸಿಗುವಾಗ ಅಲ್ಲಿಗೆ ಯಾಕೆ ಹೋಗ್ತೀಯ?"

ಅವನು ಹೋಗಲಿಲ್ಲ.

ತರಬೇತಿ ಶಾಲೆಯ ಹಾಲ್‌ನಲ್ಲೇ ನಡೆಯಿತು. ಕೀರ್ತಿಕುಮಾರ್ ಪಾಠ ಮಾಡುತ್ತಿದ್ದ, ಕಂಬ ಹತ್ತಿ ತೋರಿಸುತ್ತಿದ್ದ. ವಿನುತಾ ಮೊದಲ ಸಲ ಕಂಬ ಹತ್ತಿದ ದಿನ ಅವಳ ಸೊಂಟದ ಬೆಲ್ಟಿನ ಹಗ್ಗ ಹಿಡಿದು ಕೆಳಗೆ ನಿಂತು ಒಂದೇ ಮಾತು ಹೇಳಿದ್ದ: "ಕೆಳಗೆ ನೋಡಬೇಡಿ, ನಾನು ಎಲ್ಲೂ ಹೋಗಲ್ಲ."

ಆ ಮಾತು ಅವಳನ್ನು ಎಷ್ಟೋ ದಿನ ಬಿಡಲಿಲ್ಲ. ಅವನು ಬೆಲ್ಟಿನ ಬಗ್ಗೆ ಹೇಳಿದ್ದೋ... ಬೇರೆ ಏನಾದರೂ ಹೇಳಿದ್ದೋ?

ಮಧ್ಯಾಹ್ನದ ಊಟಕ್ಕೆ ಅವನು ಅಡುಗೆಮನೆಯ ಬಾಗಿಲ ಬಳಿ ಕೂರುತ್ತಿದ್ದ. ಸೋಮವಾರಪೇಟೆಯ ಹುಡುಗ, ಅಪ್ಪ ಅಮ್ಮ ಇಬ್ಬರೂ ತೀರಿಕೊಂಡಿದ್ದಾರೆ ಎಂದು ರುದ್ರಮ್ಮನಿಗೆ ತಿಳಿದ ಮೇಲೆ ಅವನ ತಟ್ಟೆಗೆ ಒಂದು ಸೌಟು ಸಾರು ಹೆಚ್ಚು ಬೀಳುತ್ತಿತ್ತು. ಫೋನಿನಲ್ಲಿ ವಿನುತಾಳಿಗೆ ಸಂದೇಶಗಳು ಬರತೊಡಗಿದವು. ಮೊದಲು ಪಾಠದ ವಿಷಯ. ಆಮೇಲೆ, 'ಇವತ್ತು ಯಾಕೆ ಮಾತಾಡಲಿಲ್ಲ?' ಆಮೇಲೆ, 'ಪರೀಕ್ಷೆ ಮುಗಿಯಲಿ, ನಿಮ್ಮ ಅಮ್ಮನ ಹತ್ತಿರ ಒಂದು ವಿಷಯ ಮಾತಾಡಬೇಕು.'

ಅವಳು ಆ ಸಂದೇಶವನ್ನು ಎಷ್ಟು ಸಲ ಓದಿದಳೋ.

ಆದರೆ ಪರೀಕ್ಷೆಗೆ ಹತ್ತು ದಿನವಿರುವಾಗ ಅವನು ಬದಲಾದ. ಕಣ್ಣಿಗೆ ಕಣ್ಣು ಕೊಟ್ಟು ನೋಡುತ್ತಿರಲಿಲ್ಲ. ಅಡುಗೆಮನೆಯ ಬಳಿ ಬರುತ್ತಿರಲಿಲ್ಲ. ಸಂದೇಶಗಳು ನಿಂತವು.

"ಏನಾಯ್ತು?" ಎಂದು ಅವಳು ಒಂದು ದಿನ ಅಡ್ಡ ನಿಂತು ಕೇಳಿದಳು.

"ಪರೀಕ್ಷೆಗೆ ಓದಿ," ಎಂದು ಹೇಳಿ ಪಕ್ಕಕ್ಕೆ ಸರಿದು ಹೋದ.

ಮೇಲಿನಿಂದ ಬರಬೇಕಾದ ಪರೀಕ್ಷಕರು ಹೇಳಿದ್ದಕ್ಕಿಂತ ಮೂರು ವಾರ ಮೊದಲೇ ಬಂದರು. ಇಪ್ಪತ್ತಾರು ಜನರೂ ಪಾಸಾದರು. ಮೊಹರು ಬಿದ್ದ ಸರ್ಟಿಫಿಕೇಟುಗಳು ಕೈಗೆ ಬಂದವು. ರುದ್ರಮ್ಮ ಪಾಯಸ ಮಾಡಿದರು.

ಮಾರನೇ ದಿನ ಬೆಳಿಗ್ಗೆ ಕೀರ್ತಿಕುಮಾರ್ ಊರಿನವರನ್ನು ಅದೇ ಹಾಲ್‌ಗೆ ಕರೆದ.

* * *

"ಯೋಜನೆ ನಿಂತುಹೋಗಿದೆ," ಎಂದ.

ಯಾರಿಗೂ ಅರ್ಥವಾಗಲಿಲ್ಲ.

"ದೆಹಲಿಯಿಂದ ಹೊಸ ಪಟ್ಟಿ ಬಂದಿದೆ. ಅದರಲ್ಲಿ ಕಲ್ಲಾರೆ ಇಲ್ಲ. ಕೆಮಿಕಲ್ ಬ್ಯಾಟರಿ ಅಗ್ಗ ಆಗಿದೆ, ಇಷ್ಟು ಸಣ್ಣ ಜಾಗದಲ್ಲಿ ಕೆರೆ ಕಟ್ಟೋದು ಲಾಭ ಇಲ್ಲ ಅಂತ ಲೆಕ್ಕ ಹಾಕಿದ್ದಾರೆ. ಕಂಪನಿ ಇವತ್ತಿನಿಂದ ಇಲ್ಲಿಯ ಆಫೀಸು ಮುಚ್ಚುತ್ತೆ. ಕೆಲಸ... ಇಲ್ಲ."

ಶಾಂತಪ್ಪ ನಿಧಾನಕ್ಕೆ ಎದ್ದರು. "ನನ್ನ ತೋಟ ಕಡಿದಾಗಿದೆಯಲ್ಲಪ್ಪ," ಎಂದರು. ಬೈಯಲಿಲ್ಲ. ತಪ್ಪು ತಿಳಿದಿರುವವನಿಗೆ ತಿಳಿಹೇಳುವವರ ಹಾಗೆ ಹೇಳಿದರು.

ಮಂಜೇಶ್ ತನ್ನ ಸರ್ಟಿಫಿಕೇಟನ್ನು ಎರಡಾಗಿ ಹರಿದ. ನಾಲ್ಕಾಗಿ ಹರಿದ. ಆಮೇಲೆ ತಿರುಗಿದ್ದು ಕೀರ್ತಿಕುಮಾರನ ಕಡೆಗಲ್ಲ, ಅಕ್ಕನ ಕಡೆಗೆ.

"ಇವಳನ್ನ ಕೇಳಿ! ದಿನಾ ಇವನ ಜೊತೆ ಫೋನಲ್ಲಿ ಇರ್ತಿದ್ಳಲ್ಲ. ಅವನ ಮಗ್ಗುಲಿಗೆ ಹೋಗಿ ನಮ್ಮ ಸಹಿ ಮಾರಿಕೊಂಡಳು."

ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ನಿಂತಿತು. ಇಲ್ಲ ಎಂದು ಯಾರಾದರೂ ಹೇಳುತ್ತಾರೆ ಎಂದು ವಿನುತಾ ಕಾದಳು. ಜೊತೆಗೆ ಕಲಿತವರು ನೆಲ ನೋಡುತ್ತಿದ್ದರು. ಚಿಕ್ಕಪ್ಪ ಅವಳತ್ತ ನೋಡಲೇ ಇಲ್ಲ.

ಅವಳು ಕೀರ್ತಿಕುಮಾರನ ಎದುರು ಹೋಗಿ ನಿಂತಳು.

"ನಿಮಗೆ ಯಾವಾಗ ಗೊತ್ತಾಯ್ತು?"

ಅವನು ಸುಳ್ಳು ಹೇಳಬಹುದಿತ್ತು.

"ಹನ್ನೊಂದು ದಿನ ಆಯ್ತು."

"ನಂಗೆ ಹೇಳಲಿಲ್ಲ."

"ಇಲ್ಲ."

"ಯಾಕೆ?"

ಅವನ ತುಟಿ ಅಲುಗಿತು. ಆ ಇಪ್ಪತ್ತಾರು ಮುಖಗಳನ್ನು ನೋಡಿ ತಲೆ ತಗ್ಗಿಸಿದ.

ಹನ್ನೊಂದು ದಿನ... ಹನ್ನೊಂದು ದಿನ ನನ್ನನ್ನು ಈ ಜನರ ಮುಂದೆ ನಗುತ್ತಾ ಓಡಾಡಲು ಬಿಟ್ಟ. ಸಹಿ ಸಿಕ್ಕಿತು, ತೋಟ ಕಡಿದಾಯಿತು, ನನ್ನ ಕೆಲಸ ಮುಗಿಯಿತು... ಅವಳಿಗೆ ಅಷ್ಟೇ ಹೊಳೆದದ್ದು.

ತನ್ನ ಫೋನನ್ನು ಮಂಜೇಶನ ಕೈಗೆ ಕೊಟ್ಟಳು. "ಓದ್ಕೋ. ಇವರು ಬರೆದಿದ್ದೆಲ್ಲ ಅದರಲ್ಲಿದೆ. ಇವರು ನಂಗೂ ಮೋಸ ಮಾಡಿದ್ದಾರೆ."

ಆಮೇಲೆ ಬಾಗಿಲ ಕಡೆ ನಡೆದಳು. ಹಿಂದೆ ಬೆಂಚು ಉರುಳಿದ ಸದ್ದಾಯಿತು. "ವಿನುತಾ, ಒಂದು ನಿಮಿಷ ಕೇಳಿ," ಎಂದು ಅವನು ಕರೆಯುತ್ತಾ ಹಿಂದೆ ಬರುತ್ತಿದ್ದ. ಬಾಗಿಲಲ್ಲಿ ತಿರುಗಿದಾಗ ಮಂಜೇಶನ ಕೈಯಲ್ಲಿ ಬೆಂಚಿನ ಮುರಿದ ಕಾಲು ಇರುವುದನ್ನು ಅವಳು ನೋಡಿದಳು. ನೋಡಿಯೂ ಹೊರಗೆ ಬಂದಳು. ಬಾಗಿಲು ಎಳೆದಳು. ಹೊರಗಿನಿಂದ ಚಿಲಕ ಹಾಕಿದಳು.

ಒಳಗಿನಿಂದ ಎರಡು ಸಲ ಬಾಗಿಲು ಬಡಿದ ಸದ್ದು ಬಂತು. ಆಮೇಲೆ ಬಂದದ್ದು ಬೇರೆ ಸದ್ದು.

ಅವಳು ತಿರುಗಿ ನೋಡದೆ ಮನೆಗೆ ನಡೆದಳು.

* * *

ಶಿಕ್ಷೆ ಮುಗಿದದ್ದು ಅವನಿಗೆ ಮಾತ್ರ. ಅವಳಿಗೆ ಅಂದಿನಿಂದ ಶುರುವಾಯಿತು.

ಸೋಮವಾರ ಶಾಲೆಯ ಮಕ್ಕಳು ತಟ್ಟೆ ಹಿಡಿದು ಬರಲಿಲ್ಲ. ಎಲ್ಲರೂ ಮನೆಯಿಂದ ಡಬ್ಬಿ ತಂದಿದ್ದರು. 'ಅವಳ ಅಮ್ಮನ ಕೈಯ ಸಾರು ನಮ್ಮ ಮಕ್ಕಳಿಗೆ ಬೇಡ' ಎಂದು ಅಪ್ಪ ಅಮ್ಮಂದಿರು ಹೇಳಿ ಕಳಿಸಿದ್ದರು. ರುದ್ರಮ್ಮ ಹನ್ನೊಂದು ವರ್ಷ ಅಡುಗೆ ಮಾಡಿದ ಜಾಗ ಅದು. ಬೇಯಿಸಿದ ಅನ್ನದ ಮುಂದೆ ಅವರು ಮೂರು ದಿನ ಕೂತರು. ನಾಲ್ಕನೇ ದಿನ ಬೀಗದ ಕೈ ಮೇಷ್ಟ್ರಿಗೆ ಕೊಟ್ಟು ಬಂದರು.

ತಾಯಿ ಮಗಳು ಕುಶಾಲನಗರದಲ್ಲಿ ಒಂದು ರೂಮು ಹಿಡಿದರು. ರುದ್ರಮ್ಮ ಹೋಟೆಲಿಗೆ ಚಪಾತಿ ಲಟ್ಟಿಸಿದರು. ವಿನುತಾ ಜೆರಾಕ್ಸ್ ಅಂಗಡಿಯಲ್ಲಿ ನಿಂತಳು. ಕೀರ್ತಿಕುಮಾರನ ಹೆಸರನ್ನು ಇಬ್ಬರೂ ಎತ್ತಲಿಲ್ಲ.

ಎಂಟು ತಿಂಗಳು ಕಳೆಯಿತು. ಸಬ್‌ಸ್ಟೇಷನ್‌ಗಳಿಗೆ ಗುತ್ತಿಗೆ ಮೇಲೆ ಆಪರೇಟರ್‌ಗಳು ಬೇಕು ಎಂಬ ಪ್ರಕಟಣೆ ನೋಡಿ ಅವಳು ಅರ್ಜಿ ಹಾಕಿದಳು. ಸಂದರ್ಶನದಲ್ಲಿ ಕನ್ನಡಕದ ಹಿರಿಯ ಅಧಿಕಾರಿಯೊಬ್ಬರು ಅವಳ ಸರ್ಟಿಫಿಕೇಟನ್ನು ಬಹಳ ಹೊತ್ತು ನೋಡಿದರು.

"ಕಲ್ಲಾರೆ. ಈ ಸಹಿ ನಂದೇ ಕಣಮ್ಮ. ಅವತ್ತು ಪರೀಕ್ಷೆಗೆ ಬಂದಿದ್ದವನು ನಾನು."

ಅವಳಿಗೆ ಮುಖ ನೆನಪಾಯಿತು.

"ನಿಮ್ಮ ಆಫೀಸರ್ ಹೇಗಿದ್ದಾನೆ?" ಎಂದರು. "ನಮ್ಮ ಮನೆ ಬಾಗಿಲಲ್ಲಿ ಬಂದು ಕೂತುಬಿಟ್ಟಿದ್ದ. 'ತಿಂಗಳ ಕೊನೆಗೆ ಬಂದ್ರೆ ಪರೀಕ್ಷೆನೇ ಇರಲ್ಲ ಸಾರ್, ಈ ವಾರ ಬನ್ನಿ. ಯೋಜನೆ ನಿಲ್ಲುತ್ತೆ ಅಂತ ಹೊರಗೆ ಗೊತ್ತಾದ ದಿನ ಈ ಮಕ್ಕಳ ಆರು ತಿಂಗಳು ಮಣ್ಣಾಗುತ್ತೆ' ಅಂದ. ಆ ಕಂಪನಿದು ಬೇರೆ ಎರಡು ಕಡೆ ತರಬೇತಿ ನಡೀತಿತ್ತು. ಅಲ್ಲಿ ಸುದ್ದಿ ಮೊದಲೇ ಹೊರಬಿತ್ತು. ಒಬ್ಬರಿಗೂ ಕಾಗದ ಸಿಗಲಿಲ್ಲ. ನಿಮ್ಮೂರಿನ ಹತ್ತೊಂಬತ್ತು ಜನ ಈಗಾಗಲೇ ಕೆಲಸದಲ್ಲಿದ್ದಾರೆ, ಗೊತ್ತಾ? ಪಾವಗಡದ ಸೋಲಾರ್ ಪಾರ್ಕಲ್ಲೇ ಆರು ಜನ."

ವಿನುತಾ ಕುರ್ಚಿಯ ಅಂಚನ್ನು ಹಿಡಿದುಕೊಂಡಳು.

"ಏನಮ್ಮ, ಹುಷಾರಿಲ್ವಾ?"

"ಇಲ್ಲ ಸಾರ್... ಹುಷಾರಾಗಿದ್ದೀನಿ."

ಕೆಲಸ ಸಿಕ್ಕಿತು. ಆ ಸುದ್ದಿ ಹೇಳಲು ರೂಮಿಗೆ ಬಂದವಳು ಚಪಾತಿ ಮಣೆಯ ಮುಂದೆ ಕುಸಿದು ಕೂತಳು. ಎಲ್ಲವನ್ನೂ ಹೇಳಿದಳು. ರುದ್ರಮ್ಮ ಲಟ್ಟಣಿಗೆ ನಿಲ್ಲಿಸಲಿಲ್ಲ.

"ನಿನಗೆ ಗೊತ್ತಿತ್ತಾ ಅಮ್ಮ?"

"ಸರ್ಟಿಫಿಕೇಟಿನ ವಿಷಯ ಗೊತ್ತಿರಲಿಲ್ಲ. ಬಾಗಿಲಿನ ವಿಷಯ ಗೊತ್ತಿತ್ತು. ಆ ಚಿಲಕ ತೆಗೆದವಳು ನಾನೇ."

ವಿನುತಾ ತಲೆ ಎತ್ತಿದಳು.

"ಎಡಗೈ ಮಣಿಕಟ್ಟು ಪುಡಿಯಾಗಿತ್ತು. ಶನಿವಾರಸಂತೆ ಆಸ್ಪತ್ರೆಗೆ ನಾನೇ ಕರ್ಕೊಂಡು ಹೋದೆ. ಪೊಲೀಸಿನವರು ಬಂದು ಕೇಳಿದ್ರು. ಮೆಟ್ಟಿಲಿಂದ ಜಾರಿ ಬಿದ್ದೆ ಅಂದ. ಕೇಸಾದ್ರೆ ಹುಡುಗರಿಗೆ ಎಲ್ಲೂ ಕೆಲಸ ಸಿಗಲ್ಲ ಅಮ್ಮ ಅಂತ ನನ್ನ ಕೈ ಹಿಡ್ಕೊಂಡ. ಆ ಕೈ ಇನ್ನು ನೆಟ್ಟಗಾಗಲ್ಲ ಅಂದ್ರು ಡಾಕ್ಟ್ರು."

"ನಂಗೆ ಯಾಕೆ ಹೇಳಲಿಲ್ಲ?"

ರುದ್ರಮ್ಮ ಮೊದಲ ಸಲ ಮಗಳ ಮುಖ ನೋಡಿದರು.

"ಎಂಟು ತಿಂಗಳಲ್ಲಿ ನೀನು ಒಂದು ದಿನ ಕೇಳಿದ್ಯಾ, ಒಳಗೆ ಏನಾಯ್ತು ಅಂತ?"

ವಿನುತಾ ನೆಲದ ಮೇಲೆ ಚೆಲ್ಲಿದ ಹಿಟ್ಟನ್ನು ಬೆರಳಿನಿಂದ ಒಟ್ಟು ಮಾಡತೊಡಗಿದಳು.

"ಕುಟ್ಟದ ಹತ್ರ ಯಾವುದೋ ಎಸ್ಟೇಟಲ್ಲಿದ್ದಾನೆ. ತಿಂಗಳಿಗೊಂದು ಸಲ ನಂಗೆ ಫೋನ್ ಮಾಡ್ತಾನೆ."

"ನನ್ನ ವಿಷಯ ಕೇಳ್ತಾರಾ?"

"ಇಲ್ಲ," ಎಂದರು ರುದ್ರಮ್ಮ. ಮತ್ತೆ ಚಪಾತಿ ಲಟ್ಟಿಸತೊಡಗಿದರು.

* * *

ಅವಳು ಮೊದಲು ಹೋದದ್ದು ಮಂಜೇಶನ ಬಳಿಗೆ. ಕೊಡ್ಲಿಪೇಟೆಯಲ್ಲಿ ಲಾರಿಗೆ ಶುಂಠಿ ಮೂಟೆ ಹೊರುತ್ತಿದ್ದ. ಮೂಟೆ ಇಳಿಸಿ ನಿಂತುಕೊಂಡೇ ಕೇಳಿಸಿಕೊಂಡ. ಅವಳು ಮುಗಿಸಿದ ಮೇಲೆ ಅಂಗೈಯ ಮಣ್ಣನ್ನು ಉಜ್ಜಿಕೊಂಡ.

"ಹತ್ತೊಂಬತ್ತು ಜನನಾ?"

"ಹೂಂ. ನಂದು ಸೇರಿ ಇಪ್ಪತ್ತು."

"ನಂದು ಹರಿದೆ."

"ಮಂಜು..."

"ಯಾಕೆ ಬಂದು ಹೇಳಿದೆ ಅಕ್ಕ? ಇಷ್ಟು ದಿನ ಅವನೇ ನನ್ನ ಹಾಳು ಮಾಡಿದ ಅಂದ್ಕೊಂಡು ಮೂಟೆ ಹೊರ್ತಿದ್ದೆ. ಈಗ ಏನಂದ್ಕೊಂಡು ಹೊರಲಿ?"

ಲಾರಿಯವನು ಕೂಗಿದ. ಮಂಜೇಶ್ ಬಗ್ಗಿ ಇನ್ನೊಂದು ಮೂಟೆಗೆ ಬೆನ್ನು ಕೊಟ್ಟ. ಅವಳ ಕಡೆ ಮತ್ತೆ ನೋಡಲಿಲ್ಲ.

* * *

ಶನಿವಾರ ಮಧ್ಯಾಹ್ನ ಗೋಣಿಕೊಪ್ಪದ ಬಸ್ಸು ಅವಳನ್ನು ಕುಟ್ಟದಲ್ಲಿ ಇಳಿಸಿತು. ಕಾಫಿ ತೋಟದ ನಡುವೆ ಕೂಲಿಯವರ ಲೈನ್ ಮನೆಗಳು ಉದ್ದಕ್ಕೆ ಇದ್ದವು. ಸೂರಿನ ಮೇಲೆ ಇಬ್ಬರು ಸೋಲಾರ್ ಹಲಗೆ ಕೂರಿಸುತ್ತಿದ್ದರು. ಕೆಳಗೆ ನಿಂತು ಹೇಳಿಕೊಡುತ್ತಿದ್ದವನು ಕೀರ್ತಿಕುಮಾರ್.

ಸೊರಗಿದ್ದ. ಎಡಗೈ ಪ್ಯಾಂಟಿನ ಜೇಬಿನೊಳಗಿತ್ತು.

ಅವಳನ್ನು ನೋಡಿದ. ಮಾತು ಅರ್ಧಕ್ಕೆ ನಿಂತಿತು. ಆಮೇಲೆ ತಿರುಗಿ, "ಆ ಬೋಲ್ಟು ಇನ್ನೂ ಬಿಗಿ ಮಾಡಿ," ಎಂದ. ಕೆಲಸ ಮುಗಿಯುವವರೆಗೂ ಅವಳನ್ನು ಬಿಸಿಲಲ್ಲಿ ನಿಲ್ಲಿಸಿದ. ಒಂದು ಗಂಟೆಗೂ ಮೇಲೆ. ಅವಳು ನಿಂತಳು.

ಕೆಲಸದವರು ಇಳಿದು ಹೋದ ಮೇಲೆ ಅವನೇ ಹತ್ತಿರ ಬಂದ.

"ಹೇಳಿ."

ಬಸ್ಸಿನಲ್ಲಿ ಜೋಡಿಸಿಕೊಂಡ ಮಾತುಗಳೆಲ್ಲ ಹೋಗಿದ್ದವು.

"ನಂಗೆ ಗೊತ್ತಾಯ್ತು. ಪರೀಕ್ಷಕರು ಹೇಳಿದ್ರು. ಅಮ್ಮನೂ ಹೇಳಿದ್ಳು."

"ಅದಕ್ಕೆ ಬಂದ್ರಾ? ನಾನು ಒಳ್ಳೆಯವನು ಅಂತ ಗೊತ್ತಾದ ಮೇಲೆ?"

ಆ ಮಾತು ಸರಿಯಾದ ಜಾಗಕ್ಕೆ ತಗುಲಿತು. ಅವಳು ತಲೆ ತಗ್ಗಿಸಲಿಲ್ಲ.

"ಹೌದು. ಅದಕ್ಕೇ ಬಂದೆ. ಇಲ್ಲದಿದ್ರೆ ಬರ್ತಿರಲಿಲ್ಲ. ಸುಳ್ಳು ಹೇಳಲ್ಲ."

"ನಿಮ್ಮ ಮುಖಕ್ಕೆ ಸುಳ್ಳು ಬರಲ್ಲ. ನಿಮಗೆ ಹೇಳದೆ ಇದ್ದದ್ದು ಅದಕ್ಕೇ. ನಿಮಗೆ ಹೇಳಿದ್ರೆ ಆ ಹನ್ನೊಂದು ದಿನ ನಿಮ್ಮ ಮುಖ ನೋಡಿ ಇಡೀ ಊರಿಗೆ ಗೊತ್ತಾಗ್ತಿತ್ತು."

"ಅವತ್ತು ಹಾಲಲ್ಲಿ ಹೇಳಬಹುದಿತ್ತಲ್ಲ?"

"ಏನಂತ ಹೇಳಲಿ? ತೋಟ ಕಳ್ಕೊಂಡವರ ಮುಂದೆ ನಿಂತು, ನಿಮಗೆ ಒಂದು ಕಾಗದ ಕೊಡಿಸಿದ್ದೀನಿ, ಕ್ಷಮಿಸಿ ಅಂತನಾ? ನಂಗೆ ನಾಚಿಕೆ ಆಯ್ತು. ನಿಮಗೊಬ್ಬರಿಗೆ ಹೇಳೋಣ ಅಂತಲೇ ಹಿಂದೆ ಬಂದೆ." ಅವನು ಜೇಬಿನೊಳಗಿನ ಎಡಗೈಯ ಕಡೆ ನೋಡಿದ. "ಮಂಜೇಶ ಹೊಡೆದದ್ದಕ್ಕೆ ನಂಗೆ ಸಿಟ್ಟಿಲ್ಲ. ನಾನು ಆ ಊರಿಗೆ ಹೋಗದೇ ಇದ್ದಿದ್ರೆ ಅವನು ಈಗ ಸೈನಿಕ. ಆದ್ರೆ ನೀವು ಹೊರಗಿಂದ ಚಿಲಕ ಹಾಕಿದ್ರಲ್ಲ... ಆ ಸದ್ದು ನಂಗೆ ಈಗಲೂ ಕೇಳುತ್ತೆ."

"ಅವನ ಕೈಯಲ್ಲಿ ಏನಿದೆ ಅಂತ ನಾನು ನೋಡಿದ್ದೆ," ಎಂದಳು ವಿನುತಾ. "ನೋಡಿನೇ ಹಾಕಿದ್ದು. ನಿಮಗೆ ನೋವಾಗಲಿ ಅನ್ಕೊಂಡೇ ಹಾಕಿದ್ದು. ಅವತ್ತೂ ನಿಮ್ಮ ಮೇಲೆ ನಂಗೆ ಅಷ್ಟೇ ಪ್ರೀತಿ ಇತ್ತು. ಅದು ಹೇಗೆ ಎರಡೂ ಒಟ್ಟಿಗೆ ಇತ್ತೋ... ಇವತ್ತಿಗೂ ನಂಗೆ ಅರ್ಥ ಆಗಿಲ್ಲ."

ಅವನು ಎಡಗೈಯನ್ನು ಜೇಬಿನಿಂದ ಹೊರಗೆ ತೆಗೆದ. ಮಣಿಕಟ್ಟು ಒಂದು ಕಡೆಗೆ ವಾಲಿತ್ತು. ಎರಡು ಬೆರಳು ಮಡಚಿಕೊಂಡೇ ಇದ್ದವು.

"ನೋಡಿ. ನಾನಿನ್ನು ಕಂಬ ಹತ್ತಲ್ಲ. ಕೆಳಗೆ ನಿಂತು ಹೇಳೋ ಕೆಲಸ ಅಷ್ಟೇ."

ಅವಳು ನೋಡಿದಳು. ಕಣ್ಣು ತೆಗೆಯದೆ ನೋಡಿದಳು. ಕ್ಷಮಿಸಿ ಎಂಬ ಮಾತು ಬಾಯಿಗೆ ಬಂದರೂ ಹೇಳಲಿಲ್ಲ. ಆ ಕೈಯ ಮುಂದೆ ಅದು ತೀರಾ ಸಣ್ಣ ಮಾತಾಗಿತ್ತು.

"ನಂಗೆ ಇವತ್ತು ಕ್ಷಮಿಸೋಕೆ ಆಗಲ್ಲ ವಿನುತಾ."

"ಕೇಳೋಕೆ ಬಂದಿಲ್ಲ."

"ಮತ್ತೆ?"

"ಕೆಲಸ ಸಿಕ್ಕಿದೆ. ಸೋಮವಾರ ಸೇರಬೇಕು. ಪೊನ್ನಂಪೇಟೆ ಸಬ್‌ಸ್ಟೇಷನ್."

ಅವನ ಹುಬ್ಬು ಗಂಟಿಕ್ಕಿತು. "ಸೋಮವಾರಪೇಟೆ ಸಿಗಲಿಲ್ವಾ? ಕುಶಾಲನಗರ?"

"ಎರಡೂ ಖಾಲಿ ಇತ್ತು. ನಾನೇ ಬೇಡ ಅಂದೆ."

"ಈ ಕಡೆ ನಿಮಗೆ ಯಾರಿದ್ದಾರೆ?"

"ಗೊತ್ತಿದ್ದೂ ಕೇಳ್ತೀರಲ್ಲ."

"ಗೊತ್ತಿದೆ," ಎಂದ ಅವನು. "ಆದ್ರೂ ಹೇಳಿ. ನಂಗೆ ಕೇಳಿಸ್ಕೋಬೇಕು."

"ನೀವಿದ್ದೀರಿ."

ತೋಟದೊಳಗಿಂದ ಹೆಂಗಸರು ಕೆಲಸ ಮುಗಿಸಿ ಮಾತಾಡುತ್ತಾ ಲೈನಿನ ಕಡೆ ಬರುತ್ತಿದ್ದರು. ಅವರು ದಾಟಿಹೋಗುವವರೆಗೆ ಇಬ್ಬರೂ ಹಾಗೇ ನಿಂತಿದ್ದರು. ಅವನ ಮುಖದಲ್ಲಿ ಬಿಗಿದಿದ್ದ ಯಾವುದೋ ಒಂದು ಗೆರೆ ಸ್ವಲ್ಪ ಸಡಿಲವಾಯಿತು.

"ಊಟ ಆಗಿದೆಯಾ?"

"ಇಲ್ಲ."

"ಬನ್ನಿ. ಅನ್ನ ಇದೆ. ಸಾರು ಮಾಡಬೇಕು. ಈ ಕೈಯಲ್ಲಿ ಈರುಳ್ಳಿ ಹೆಚ್ಚೋಕೆ ಆಗಲ್ಲ. ಅದೊಂದು ನೀವು ಹೆಚ್ಚಿ ಕೊಡಿ."

ಅವಳು ಹೂಂ ಎನ್ನಲು ಹೋದಳು. ಎಂಟು ತಿಂಗಳು ಬಾರದ ಅಳು ಆಗ ಬಂತು. ಸೆರಗಿಲ್ಲದ ಚೂಡಿದಾರದ ತೋಳಿನಲ್ಲಿ ಮುಖ ಮುಚ್ಚಿಕೊಂಡಳು.

ಅವನು ಅವಳ ಪಕ್ಕಕ್ಕೆ ಬಂದು, ವಾಲಿದ ಆ ಕೈಯನ್ನೇ ಅವಳ ಭುಜದ ಮೇಲೆ ಮೆಲ್ಲಗೆ ಇಟ್ಟ.

"ಈರುಳ್ಳಿ ಇನ್ನೂ ಹೆಚ್ಚೇ ಇಲ್ಲ. ಆಗಲೇ ಅಳ್ತಿದ್ದೀರಿ."

"ಸುಮ್ನಿರಿ," ಎಂದಳು ವಿನುತಾ, ಆ ಕೈ ಜಾರಿ ಬೀಳದ ಹಾಗೆ ತನ್ನ ಕೈಯಿಂದ ಹಿಡಿದುಕೊಂಡು. "ಎಷ್ಟು ಹೆಚ್ಚಬೇಕು ಹೇಳಿ."

"ಎರಡು ಸಾಕು. ಇಬ್ಬರೇ ಅಲ್ವಾ?"